ಯಾರ ಕೈ ಕೆಸರು, ಯಾರ ಬಾಯಿ ಮೊಸರು?

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಗಿನ ಜಾವ ನಮ್ಮ ಊರಿನ ದೊಡ್ಡ ರಸ್ತೆಯಲ್ಲಿ ಹನ್ನೊಂದು ಜೀಪುಗಳು ಸಾಲುಗಟ್ಟಿ ನಿಂತಿದ್ದವು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ ಮಿಲ್ ಕಾರ್ಮಿಕರು, ಅಂಗಡಿಯ ಬಾಗಿಲು ತೆಗೆಯುತ್ತಿದ್ದ ವ್ಯಾಪಾರಸ್ಥರು ಇದೇನು ಚುನಾವಣೆಯ ಮೆರವಣಿಗೆಯೋ ಎಂದು ನಿಂತು ನೋಡಿದರು. ಚುನಾವಣೆಯಲ್ಲ, ಹುಟ್ಟುಹಬ್ಬ! ಪೇಟೆಯ ಒಬ್ಬ ಧನಿಕರ ಚಿರಂಜೀವಿಗೆ ಇಪ್ಪತ್ತೈದು ತುಂಬಿತ್ತು. ಮಲೆನಾಡಿಗೆ ಹೋಗಿ, ರಸ್ತೆ ಬಿಟ್ಟು, ಹಳ್ಳ ಗುಡ್ಡ ಕೆಸರುಗಳಲ್ಲಿ ದಿನವಿಡೀ ಗಾಡಿ ಓಡಿಸಿ ಬರುವುದು ತಂದೆ ಮಗನಿಗೆ ಕೊಟ್ಟ ಉಡುಗೊರೆ. ಇದಕ್ಕೆ ‘ಆಫ್-ರೋಡ್’ ಎಂದು ಹೆಸರು.

ಮರುದಿನ ಸೋಮವಾರ ಆ ಜೀಪುಗಳಲ್ಲಿ ನಾಲ್ಕು ನಮ್ಮ ಕಚೇರಿಯ ಎದುರಿನ ಸರ್ವಿಸ್ ಅಂಗಡಿಗೆ ಬಂದವು. ಅಲ್ಲಿ ದಿನಗೂಲಿಗೆ ದುಡಿಯುವ ಹುಡುಗನೊಬ್ಬ ಮಧ್ಯಾಹ್ನದವರೆಗೆ ನೀರು ಹೊಡೆದು ಕೆಸರು ಇಳಿಸಿದ. ಕೆಂಪು ನೀರು ಚರಂಡಿಗೆ ಹರಿಯಿತು. ಅದು ಮಲೆನಾಡಿನ ಮೇಲ್ಮಣ್ಣು.

ಒಬ್ಬ ಯುವಕನ ಸಂತೋಷದ ದಿನವನ್ನು ಪತ್ರಿಕೆಯಲ್ಲಿ ಎತ್ತಿ ಆಡುವುದು ಹೊಟ್ಟೆಕಿಚ್ಚಲ್ಲವೆ ಎಂದು ಕೆಲವರು ಕೇಳಬಹುದು. ಆ ಹುಡುಗನ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ. ಅವನು ನೂರು ವರ್ಷ ಬಾಳಲಿ. ನಮ್ಮ ಪ್ರಶ್ನೆ ಬೇರೆ. ಆ ದಿನದ ಬೆಲೆಯನ್ನು ತೆತ್ತವರು ಯಾರು?

ಜೀಪಿನ ಚರಿತ್ರೆಯನ್ನು ಸ್ವಲ್ಪ ನೆನೆಯೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಸೈನ್ಯಕ್ಕಾಗಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ರಸ್ತೆಯಿಲ್ಲದ ಕಡೆ ಸಿಪಾಯಿಯನ್ನೂ ಮದ್ದುಗುಂಡನ್ನೂ ಸಾಗಿಸುವುದು ಅದರ ಕೆಲಸ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ದೇಶದಲ್ಲೂ ಜೀಪು ಜೋಡಿಸತೊಡಗಿದರು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬ್ಲಾಕ್ ಅಧಿಕಾರಿ ಹಳ್ಳಿಗೆ ಬಂದದ್ದು ಜೀಪಿನಲ್ಲಿ. ಸಿಡುಬಿಗೆ ದೇವಿ ಹಾಕುವವರು ಬಂದದ್ದೂ ಜೀಪಿನಲ್ಲಿ. ಇಂದಿಗೂ ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಜೀಪು ಓಡಿಸಿ ಹೊಟ್ಟೆ ಹೊರೆಯುವ ಚಾಲಕರಿದ್ದಾರೆ. ಅವರು ದುಡಿಮೆಗಾರರು, ನಮ್ಮವರು. ಅವರ ಮೇಲೆ ನಮ್ಮ ತಕರಾರಿಲ್ಲ. ದಾರಿಯಿಲ್ಲದವರಿಗಾಗಿ ಹುಟ್ಟಿದ ಗಾಡಿ, ದಾರಿಯಿದ್ದೂ ಬೇಡವೆನ್ನುವವರ ಆಟಿಕೆಯಾದದ್ದರ ಬಗ್ಗೆ ನಮ್ಮ ಮಾತು.

ಮಲೆನಾಡಿನಲ್ಲಿ ಇಂದಿಗೂ ರಸ್ತೆಯಿಲ್ಲದ ಹಾಡಿಗಳಿವೆ. ಮಳೆಗಾಲದಲ್ಲಿ ಕಾಯಿಲೆ ಬಿದ್ದವರನ್ನು ಕಂಬಳಿಯ ಜೋಳಿಗೆಯಲ್ಲಿ ಮಲಗಿಸಿ, ಬಿದಿರಿಗೆ ಕಟ್ಟಿ, ಹೆಗಲ ಮೇಲೆ ಹೊತ್ತು ಮೈಲಿಗಟ್ಟಲೆ ಇಳಿಸಿ ತರುತ್ತಾರೆ. ಆ ತಾಯಂದಿರಿಗೆ, ಆ ಮುದುಕರಿಗೆ ವರ್ಷದ ಮುನ್ನೂರ ಅರವತ್ತೈದು ದಿನವೂ ಆಫ್-ರೋಡೇ! ಅವರು ರಸ್ತೆ ಕೇಳಿದರೆ ಅರಣ್ಯದ ಕಾಯಿದೆಯನ್ನು ಮುಂದಿಡುತ್ತಾರೆ. ಆದರೆ 2006ರ ಅರಣ್ಯ ಹಕ್ಕು ಕಾಯಿದೆ ಏನು ಹೇಳುತ್ತದೆ? ಗ್ರಾಮಸಭೆ ಶಿಫಾರಸು ಮಾಡಿದರೆ ರಸ್ತೆ, ಶಾಲೆ, ದವಾಖಾನೆ ಮುಂತಾದ ಕೆಲಸಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ಬಿಟ್ಟುಕೊಡಬಹುದು ಎನ್ನುತ್ತದೆ. ಇದು ಹಾಡಿಯ ಜನಕ್ಕೆ ತಿಳಿಯದು. ತಿಳಿದ ಅಧಿಕಾರಿಗಳು ಹೇಳರು. ಹಾಡಿಗೆ ಒಂದು ರಸ್ತೆಯಾದರೆ ಕಾಡು ಹಾಳಾಗುತ್ತದಂತೆ. ಹನ್ನೊಂದು ಜೀಪು ಗುಡ್ಡ ಹತ್ತಿದರೆ ಪ್ರವಾಸೋದ್ಯಮ ಬೆಳೆಯುತ್ತದಂತೆ! ಇದೆಂಥ ನ್ಯಾಯ?

ಗುಡ್ಡದ ಹುಲ್ಲುಗಾವಲಿಗೂ ಪೇಟೆಯ ಕಾರ್ಮಿಕನಿಗೂ ಏನು ಸಂಬಂಧ ಎನ್ನಬೇಡಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಕುದುರೆಮುಖ ಶ್ರೇಣಿಯಲ್ಲಿ. ತುಂಗೆಯೂ ಭದ್ರೆಯೂ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆಯಾಗಿ ನಮ್ಮ ನಲ್ಲಿಗೆ ಬರುತ್ತಾಳೆ. ಆ ಗುಡ್ಡಗಳ ಶೋಲಾ ಕಾಡೂ ಹುಲ್ಲೂ ಮಳೆಯ ನೀರನ್ನು ಹೀರಿ ಹಿಡಿದು, ಬೇಸಿಗೆಯಲ್ಲಿ ಹನಿಹನಿಯಾಗಿ ಹಳ್ಳಕ್ಕೆ ಬಿಡುತ್ತವೆ. ಒಂದೂವರೆ ಟನ್ನಿಗೂ ಮಿಗಿಲಾದ ಗಾಡಿ ಒದ್ದೆ ನೆಲದ ಮೇಲೆ ಹರಿದರೆ ಮಣ್ಣು ಅಮುಕಿಹೋಗುತ್ತದೆ, ನೀರು ಇಳಿಯುವ ರಂಧ್ರಗಳು ಮುಚ್ಚುತ್ತವೆ. ಮುಂದಿನ ಮಳೆ ಚಕ್ರದ ಗುರುತನ್ನೇ ಕಾಲುವೆ ಮಾಡಿಕೊಂಡು ಮಣ್ಣು ಸಮೇತ ಕೊಚ್ಚಿ ಹೋಗುತ್ತದೆ. ವರ್ಷ ಕಳೆದರೆ ಗುರುತು ಕೊರಕಲಾಗುತ್ತದೆ. ಮಳೆಗಾಲದಲ್ಲಿ ರಾಡಿ, ಬೇಸಿಗೆಯಲ್ಲಿ ಬರಿದು. ಆಗ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವರು ಜೀಪಿನವರಲ್ಲ, ನಮ್ಮ ಹೆಣ್ಣುಮಕ್ಕಳು.

“ಕಾಡಿಗೆ ಹೋಗಿಲ್ಲ; ಖಾಸಗಿ ಜಮೀನಿನಲ್ಲಿ, ದುಡ್ಡು ಕೊಟ್ಟು ಆಡಿದೆವು” ಎಂದು ಅವರು ಹೇಳಬಹುದು. ಒಪ್ಪೋಣ. ಆ ಜಮೀನು ಯಾವುದು? ವಿಚಾರಿಸಿದೆವು. ಐದಾರು ವರ್ಷಗಳ ಹಿಂದೆ ಅದು ಭತ್ತದ ಗದ್ದೆ. ಕೊಂಡವರು ನಗರದವರು. ಈಗ ಅಲ್ಲಿ ನೀರು ನಿಲ್ಲಿಸುವುದು ನಾಟಿಗಲ್ಲ, ಜೀಪು ಹೂಳುವುದಕ್ಕೆ. ಹೂತ ಜೀಪನ್ನು ಹಗ್ಗ ಕಟ್ಟಿ ಎಳೆಯುವುದಕ್ಕೆ ನಿಂತವರಲ್ಲಿ ಒಬ್ಬ ಅದೇ ಗದ್ದೆಯನ್ನು ಹಿಂದೆ ಉಳುತ್ತಿದ್ದವನು.

ಓದುಗರೇ, ಇದನ್ನು ನಾವು ಹೇಗೆ ಸುಮ್ಮನೆ ನೋಡುವುದು? 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿಭತ್ತ ಅಳೆಯುವ ಕೊಳಗದ ಗಾತ್ರ ನ್ಯಾಯವಾಗಿರಲಿ ಎಂದು. ಶಾಂತವೇರಿ ಗೋಪಾಲಗೌಡರು ಅವರ ಜೊತೆ ನಿಂತರು. ಡಾ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅಂಥ ಹೋರಾಟಗಳ ಫಲವಾಗಿ, ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ. ಬೇಸಾಯ ಮಾಡದ ಧನಿಕರು ಕೃಷಿಭೂಮಿ ಕೊಳ್ಳದಂತೆ 79ಎ, 79ಬಿ ಕಲಂಗಳು ಬೇಲಿಯಾಗಿ ನಿಂತಿದ್ದವು. 2020ರಲ್ಲಿ ಆ ಬೇಲಿಯನ್ನು ಸರ್ಕಾರವೇ ಕಿತ್ತಿತು. ಬೇಲಿ ಹೋದ ಮೇಲೆ ಗದ್ದೆಗೆ ನುಗ್ಗಿದ್ದು ದನವಲ್ಲ, ಹಣ.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಹೇಳಿದರು. ಕೆಸರಿನಲ್ಲಿ ನಿಂತು ಸಸಿ ನೆಟ್ಟು ಬೆನ್ನು ಬಾಗಿದವರಿಗೆ ಸಿಕ್ಕಿದ್ದೇನು? 2025ರ ಏಪ್ರಿಲಿನಲ್ಲಿ ನಮ್ಮ ರಾಜ್ಯಕ್ಕೆ ಉದ್ಯೋಗ ಖಾತರಿಯ ದಿನಗೂಲಿಯನ್ನು 370 ರೂಪಾಯಿ ಎಂದು ಗೊತ್ತುಮಾಡಿದರು. ಆ ಜೀಪಿನ ಒಂದು ಟೈರಿನ ಬೆಲೆಗೆ ಎಷ್ಟು ದಿನದ ಕೂಲಿಯಾಗುತ್ತದೆಂದು ಟೈರಿನ ಅಂಗಡಿಯವರನ್ನೇ ಕೇಳಿ ಲೆಕ್ಕ ಹಾಕಿರಿ. 1963ರಲ್ಲಿ ಲೋಹಿಯಾ ಲೋಕಸಭೆಯಲ್ಲಿ ದೇಶದ ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೆಕ್ಕವಿಟ್ಟಾಗ ಆಳುವವರು ಅಂಕಿಯ ಬಗ್ಗೆ ಜಗಳವಾಡಿದರು, ಹಸಿವಿನ ಬಗ್ಗೆ ಆಡಲಿಲ್ಲ. ಆದಾಯಕ್ಕೆ ಮಾತ್ರವಲ್ಲ, ಖರ್ಚಿಗೂ ಒಂದು ಮಿತಿ ಬೇಕು ಎಂದು ಅವರು ಒತ್ತಿ ಹೇಳಿದರು. ಆ ಮಾತಿಗೆ ವಯಸ್ಸಾಗಿಲ್ಲ.

“ಇದರಿಂದ ವ್ಯಾಪಾರವಾಗುತ್ತದೆ” ಎಂಬ ವಾದವೊಂದಿದೆ. ಅಂಗಡಿಯವರೇ ಹೇಳಲಿ. ಊಟ, ತಿಂಡಿ, ನೀರಿನ ಬಾಟಲಿ ಎಲ್ಲವನ್ನೂ ನಗರದ ದೊಡ್ಡ ಮಳಿಗೆಯಿಂದ ತುಂಬಿಸಿಕೊಂಡು ಹೋದವರು ದಾರಿಯ ಹಳ್ಳಿಯಲ್ಲಿ ಕೊಂಡದ್ದು ಬೆಂಕಿಪೊಟ್ಟಣವೊಂದನ್ನೇ ಎಂದು ಅಲ್ಲಿನ ಗೂಡಂಗಡಿಯವರು ನಮಗೆ ಹೇಳಿದರು. ಗದ್ದೆಯಲ್ಲಿ ಬೆಳೆಯಿದ್ದಾಗ ಅದೇ ಅಂಗಡಿಯಲ್ಲಿ ಹತ್ತು ಮನೆಯ ಉದ್ದರಿ ಲೆಕ್ಕ ನಡೆಯುತ್ತಿತ್ತು. ಕೂಲಿಕಾರನ ಕೈಯಲ್ಲಿ ದುಡ್ಡಿದ್ದರೆ ಮಾತ್ರ ಸಣ್ಣ ವ್ಯಾಪಾರಿಯ ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು.

ಸಂತೋಷ ಬೇಡವೆಂದು ನಾವು ಎಂದೂ ಹೇಳಿಲ್ಲ. ದುಡಿಯುವವನಿಗೂ ಒಂದು ಹುಟ್ಟುಹಬ್ಬವಿದೆ, ಅವನ ಮಕ್ಕಳಿಗೂ ಮಲೆನಾಡಿನ ಮಳೆ ನೋಡುವ ಆಸೆಯಿದೆ. ಅವನಿಗೆ ದಿನವೆಲ್ಲಿ? 1948ರ ಕಾರ್ಖಾನೆ ಕಾಯಿದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ, ವಾರಕ್ಕೊಂದು ರಜೆ ಎಂದಿತ್ತು. 2023ರಲ್ಲಿ ನಮ್ಮ ವಿಧಾನಮಂಡಲ ದಿನದ ಕೆಲಸವನ್ನು ಹನ್ನೆರಡು ಗಂಟೆಯವರೆಗೆ ಎಳೆಯಲು ಬಿಟ್ಟಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಓವರ್‌ಟೈಮಿನ ಮಿತಿಯನ್ನು 145ಕ್ಕೆ ಏರಿಸಿತು. ಕಾರ್ಮಿಕನ ಭಾನುವಾರ ಓವರ್‌ಟೈಮಿಗೆ ಹೋಯಿತು. ಧನಿಕನ ಭಾನುವಾರ ಗುಡ್ಡ ಹತ್ತಿತು. ಆ ಬೆಳಿಗ್ಗೆ ಜೀಪಿನ ಸಾಲಿನ ಪಕ್ಕದಲ್ಲಿ ನಿದ್ದೆಗಣ್ಣಿನಲ್ಲಿ ನಿಂತಿದ್ದ ಕಾರ್ಮಿಕ ಗೆಳೆಯನೊಬ್ಬ ನಮಗೆ ಹೇಳಿದ: “ಅವರ ಮೇಲೆ ನಂಗೇನೂ ಸಿಟ್ಟಿಲ್ಲ ಸ್ವಾಮಿ. ನನ್ನ ಮಗಳ ಹುಟ್ಟುಹಬ್ಬದ ದಿನಾನೂ ನಾನು ಪಾಳೀಲೇ ಇದ್ದೆ, ಅಷ್ಟೇ.”

ಆ ‘ಅಷ್ಟೇ’ ಎಂಬ ಮಾತಿಗಾಗಿ ನಾವು ಇಷ್ಟು ಬರೆಯಬೇಕಾಯಿತು.

ನಾವು ಕೇಳುವುದು ಇಷ್ಟು. ಕಾಡು, ಗೋಮಾಳ, ಹುಲ್ಲುಗಾವಲು, ಹಳ್ಳದ ಪಾತ್ರಗಳಲ್ಲಿ ಈ ಚಕ್ರದ ಆಟ ಪೂರ್ತಿ ನಿಲ್ಲಬೇಕು. ಖಾಸಗಿ ಜಮೀನಿನಲ್ಲಾದರೂ ಗ್ರಾಮಸಭೆಯ ಒಪ್ಪಿಗೆಯಿಲ್ಲದೆ, ಮಳೆಗಾಲದಲ್ಲಿ, ನಡೆಯಕೂಡದು. ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಹಾಡಿಗಳಿಗೆ ರಸ್ತೆಯಾಗಬೇಕು. ಉಳುವವನ ಭೂಮಿಗೆ 2020ರಲ್ಲಿ ಕಿತ್ತ ಬೇಲಿಯನ್ನು ಮತ್ತೆ ಹಾಕಬೇಕು. ಕಾರ್ಮಿಕನ ವಾರದ ರಜೆಯನ್ನು ಯಾವ ನೆಪದಿಂದಲೂ ಮುಟ್ಟಕೂಡದು.

ಇವು ತಾವಾಗಿ ಬರುವುದಿಲ್ಲ. ಕಾಗೋಡಿನ ರೈತರು ಕೊಳಗದ ಅಳತೆ ಮೋಸವೆಂದು ಕಂಡಾಗ ಅಳೆಯುವ ಕೈಯನ್ನು ಹಿಡಿದು ನಿಲ್ಲಿಸಿದರು. ಇಂದು ಕೊಳಗ ಬದಲಾಗಿದೆ, ಮೋಸ ಬದಲಾಗಿಲ್ಲ. ಮಿಲ್ಲಿನ ಬಾಗಿಲಲ್ಲಿ, ಅಂಗಡಿಯ ಕಟ್ಟೆಯ ಮೇಲೆ ಈ ಮಾತು ನಡೆಯಲಿ. ಕೈಗೆ ಕೆಸರು ಮಾಡಿಕೊಂಡವರು ಮೊಸರನ್ನು ಕೇಳಿ ಪಡೆಯುವವರೆಗೆ ಇದನ್ನು ನಾವು ಬರೆಯುತ್ತಲೇ ಇರುತ್ತೇವೆ.