ಹೊಸ್ತಿಲೊಳಗಿನ ಹಿಂಸೆ ಮತ್ತು ಲೋಕದ ನೆರವು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಮಿತಿಯವರು ಕೇಳಿಕೊಂಡಿದ್ದಾರೆ. ಶಾಲೆಯ ಚರಿತ್ರೆಯನ್ನು ಬರೆಯಬಲ್ಲವರು ಅನೇಕರಿದ್ದಾರೆ. ಈ ಐವತ್ತು ವರ್ಷಗಳಲ್ಲಿ ಇಲ್ಲಿ ಅಕ್ಷರ ಕಲಿತು ಹೋದ ಹೆಣ್ಣುಮಕ್ಕಳು ತಾವು ಸೇರಿದ ಮನೆಗಳಲ್ಲಿ ನಿರ್ಭಯವಾಗಿ ಬಾಳುತ್ತಿರುವರೇ ಎಂಬ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ. ಸಮಾರಂಭದ ಸಂದರ್ಭಕ್ಕೆ ಇದು ಅಪ್ರಿಯವೆನಿಸಬಹುದು, ಆದರೆ ಅಪ್ರಸ್ತುತವಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯಿದೆ. ಸಣ್ಣ ಮನಸ್ತಾಪಕ್ಕೆ ಅದು ಒಪ್ಪುವ ಮಾತು. ಹೊಡೆತ, ಬೆದರಿಕೆ, ವರದಕ್ಷಿಣೆಯ ಪೀಡನೆಗಳನ್ನೂ ಅದರ ಮರೆಯಲ್ಲಿ ಮುಚ್ಚಿಡುವುದು ಅನ್ಯಾಯ. ಇದು ಒಂದು ಜಾತಿಯ, ಒಂದು ದೇಶದ ರೋಗವೂ ಅಲ್ಲ. ಲೋಕದಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬ ಸ್ತ್ರೀ ಜೀವಮಾನದಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಗುರಿಯಾಗುತ್ತಾಳೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಆದರೆ 2022ರಲ್ಲಿ ಜಗತ್ತಿನ ಅಭಿವೃದ್ಧಿ ನೆರವಿನಲ್ಲಿ ಇದರ ತಡೆಗೆಂದು ಮೀಸಲಾದದ್ದು ಶೇ. 0.2 ಮಾತ್ರ, ನೂರು ರೂಪಾಯಿಯಲ್ಲಿ ಇಪ್ಪತ್ತು ಪೈಸೆ! ಸಾಲದುದಕ್ಕೆ 2025ರಲ್ಲಿ ಅಮೆರಿಕವು ತನ್ನ ವಿದೇಶೀ ನೆರವಿನ ಸಂಸ್ಥೆಯಾದ ಯು.ಎಸ್.ಏಡ್‌ನ ಕಾರ್ಯವನ್ನೇ ನಿಲ್ಲಿಸಿತು.

ಶತಮಾನಗಳ ರೂಢಿಯನ್ನು ಹಣದಿಂದ ಬದಲಿಸಲು ಸಾಧ್ಯವೇ ಎಂದು ಕೇಳುವವರಿದ್ದಾರೆ. ಉಗಾಂಡಾದ ಕಂಪಾಲಾ ನಗರದಲ್ಲಿ 'ಸಾಸಾ' ಎಂಬ ಕಾರ್ಯಕ್ರಮ ನಡೆಯಿತು. ಸ್ವಾಹಿಲಿ ಭಾಷೆಯಲ್ಲಿ ಸಾಸಾ ಎಂದರೆ 'ಈಗ'. ಊರಿನ ಸಾಮಾನ್ಯ ಸ್ತ್ರೀಪುರುಷರೇ ತರಬೇತಿ ಪಡೆದು, ನೆರೆಹೊರೆಯವರೊಡನೆ ಬಲ ಎಂದರೇನು, ಅದರ ಸದುಪಯೋಗವೇನು ಎಂದು ವರ್ಷಗಟ್ಟಲೆ ಮಾತನಾಡಿದರು. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಾರ್ಯಕ್ರಮವಿಲ್ಲದ ಬಡಾವಣೆಗಳಿಗಿಂತ ಅಲ್ಲಿ ಸಂಗಾತಿಯಿಂದಾಗುವ ದೈಹಿಕ ಹಿಂಸೆ ಶೇ. 52ರಷ್ಟು ಕಡಿಮೆಯಿತ್ತು. ದಕ್ಷಿಣ ಆಫ್ರಿಕಾದ ಲಿಂಪೋಪೋ ಪ್ರಾಂತದಲ್ಲಿ ಬಡ ಸ್ತ್ರೀಯರ ಸಾಲದ ಸಭೆಗಳಲ್ಲಿಯೇ ಈ ಪಾಠಗಳನ್ನು ಸೇರಿಸಿದರು. ಎರಡು ವರ್ಷಗಳಲ್ಲಿ ಹಿಂಸೆ ಶೇ. 55ರಷ್ಟು ತಗ್ಗಿತೆಂದು 2006ರ ವರದಿ ಹೇಳುತ್ತದೆ. ನಮ್ಮ ಕುಟುಂಬಶ್ರೀ ಕೂಟಗಳನ್ನು ಬಲ್ಲವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಸ್ವಂತ ಸಂಪಾದನೆಯೂ ಜೊತೆಗಾತಿಯರ ಬೆಂಬಲವೂ ಉಳ್ಳವಳಿಗೆ ಎದುರು ಮಾತನಾಡುವ ಧೈರ್ಯ ಬರುತ್ತದೆ.

ಕನ್ನಡನಾಡಿನಲ್ಲಿಯೇ ಉದಾಹರಣೆಯಿದೆ. 1989ರಲ್ಲಿ ಡಚ್ ಸರಕಾರದ ನೆರವಿನಿಂದ ಮಹಿಳಾ ಸಮಖ್ಯಾ ಕಾರ್ಯಕ್ರಮವು ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಆರಂಭವಾಯಿತು. ಕೂಲಿಯ ಹೆಂಗಸರು ಹಳ್ಳಿಹಳ್ಳಿಗಳಲ್ಲಿ ಸಂಘ ಕಟ್ಟಿದರು. ಅಕ್ಷರ, ಕಾನೂನುಗಳನ್ನು ಕಲಿತರು. ಕಾಲಕ್ರಮದಲ್ಲಿ ನಾರಿ ಅದಾಲತ್ತುಗಳನ್ನು ನಡೆಸಿ, ನೊಂದವರ ಪರವಾಗಿ ನ್ಯಾಯ ಕೇಳುವಷ್ಟು ಬೆಳೆದರು. ಹಣ ಹೊರಗಿನದಾದರೂ ಮಾತು ಅವರದೇ ಆಗಿತ್ತು. ಅಂಥ ಕಾರ್ಯಕ್ರಮಕ್ಕೂ ಮೂರು ದಶಕ ತುಂಬುವ ಮೊದಲೇ ಕೇಂದ್ರದ ನೆರವು ನಿಂತುಹೋಯಿತು. ಅಡಿಕೆಯ ಸಸಿ ನೆಟ್ಟವನು ಫಲ ಬರುವ ತನಕ ನೀರೆರೆಯುತ್ತಾನೆ. ಫಲ ಕಂಡ ಮೇಲೂ ನಿಲ್ಲಿಸುವುದಿಲ್ಲ. ಮನುಷ್ಯರ ಮನಸ್ಸನ್ನು ತಿದ್ದುವ ಕೆಲಸಕ್ಕೆ ಮಾತ್ರ ಏಕೆ ಈ ಅವಸರ?

ಆದುದರಿಂದ ನೆರವು ನೀಡುವ ರಾಷ್ಟ್ರಗಳೂ ಸಂಸ್ಥೆಗಳೂ ಗಮನಿಸಬೇಕಾದ ಸಂಗತಿಗಳು ಮೂರು. ಒಂದು, ಎರಡು-ಮೂರು ವರ್ಷಗಳ ಯೋಜನೆಯಿಂದ ಈ ಕೆಲಸ ಆಗದು. ಎರಡು, ತಡೆಯುವುದೂ ಆಸರೆ ನೀಡುವುದೂ ಜೊತೆಯಾಗಿ ನಡೆಯಬೇಕು. ಬಾಯಿ ಬಿಟ್ಟು ಹೇಳೆಂದು ಧೈರ್ಯ ಕೊಟ್ಟು, ಹೇಳಿದವಳಿಗೆ ಆ ರಾತ್ರಿ ತಂಗಲು ಸುರಕ್ಷಿತ ಜಾಗವಿಲ್ಲದಿದ್ದರೆ ಅದು ದ್ರೋಹ. ದೂರುಗಳ ಸಂಖ್ಯೆ ಏರಿದೊಡನೆ ಕಾರ್ಯಕ್ರಮ ಸೋತಿತೆಂದು ತೀರ್ಮಾನಿಸುವುದೂ ತಪ್ಪು. ಅದು ವಿಶ್ವಾಸದ ಗುರುತಾಗಿರಬಹುದು.

ಮೂರನೆಯದು ಭಾಷೆ. ಗಡಿನಾಡಿನ ನಾವು ಇದನ್ನು ಅನುಭವದಿಂದ ಬಲ್ಲೆವು. ಪಡಿತರ ಚೀಟಿಯ ಅರ್ಜಿಯನ್ನು ಅನ್ಯಭಾಷೆಯಲ್ಲಿ ಹೇಗೋ ತುಂಬಬಹುದು. ಒಡಲ ನೋವನ್ನು ಹೇಳಿಕೊಳ್ಳಲಾಗದು. 2005ರ ಕೌಟುಂಬಿಕ ಹಿಂಸೆಯ ಕಾಯ್ದೆ ಸಂರಕ್ಷಣಾಧಿಕಾರಿಗಳನ್ನು ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ನಮಗೆ ಕೊಟ್ಟಿದೆ. ಈ ಎರಡೂ ಒಂದೇ ಮೇಜಿನ ಮೇಲೆ ಸೇರಿದಾಗಲೇ ಮಂಜೇಶ್ವರದ ಹಳ್ಳಿಯ ಹೆಣ್ಣುಮಗಳಿಗೆ ಕಾನೂನು ತಲುಪೀತು. ಜಿನೀವಾದಲ್ಲಿ ರಚಿತವಾದ ಯೋಜನೆಗೂ ಕೊನೆಯ ಪರೀಕ್ಷೆ ಇದೇ: ನೊಂದವಳ ಮಾತು ಅಲ್ಲಿ ಕುಳಿತವರಿಗೆ ಅರ್ಥವಾಗುತ್ತದೆಯೇ?

ಶಾಲೆಯ ಪಾತ್ರವೂ ಕಿರಿದಲ್ಲ. ಉಗಾಂಡಾದ 42 ಪ್ರಾಥಮಿಕ ಶಾಲೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಶಾಲೆಯ ರೀತಿನೀತಿಯನ್ನು ತಿದ್ದಿದಾಗ ಶಿಕ್ಷಕರಿಂದ ಮಕ್ಕಳಿಗೆ ಬೀಳುವ ಪೆಟ್ಟು ಶೇ. 42ರಷ್ಟು ಕಡಿಮೆಯಾದುದನ್ನು ತೋರಿಸಿತು. ಬಲವುಳ್ಳವನು ಹೊಡೆಯಬಹುದೆಂಬ ಪಾಠವನ್ನು ಹುಡುಗನು ತರಗತಿಯಲ್ಲಿಯೇ ಕಲಿತರೆ, ನಾಳೆ ಮನೆಯಲ್ಲಿ ಅದನ್ನೇ ಒಪ್ಪಿಸುತ್ತಾನೆ. ಹೆಣ್ಣುಮಕ್ಕಳಿಗೆ ಎಚ್ಚರಿಕೆ ಹೇಳುವುದರಲ್ಲಿಯೇ ನಮ್ಮ ಕರ್ತವ್ಯ ಮುಗಿಯಲಿಲ್ಲ. ಗಂಡುಮಕ್ಕಳಿಗೆ ಸಂಯಮವನ್ನು ಕಲಿಸುವ ಹೊಣೆಯೂ ನಮ್ಮದು.

ನಮ್ಮ ಶಾಲೆ ಐವತ್ತು ವರ್ಷ ಕನ್ನಡವನ್ನು ಕಾಪಾಡಿಕೊಂಡು ಬಂದಿದೆ. ಆ ಕನ್ನಡದಲ್ಲಿ ಹೆಣ್ಣೊಬ್ಬಳು ಅಂಜದೆ 'ಬೇಡ' ಎನ್ನುವಂತಾಗಲಿ, ಆ ಮಾತಿಗೆ ಮನೆಯೂ ಊರೂ ಕಚೇರಿಯೂ ತಲೆಬಾಗುವಂತಾಗಲಿ ಎಂದು ಹಾರೈಸುತ್ತೇನೆ.