ನಮ್ಮ ಮಕ್ಕಳು ಕಂಪ್ಯೂಟರ್ ಬಿಚ್ಚಿ ಕಲಿಯಲಿ

ನಮ್ಮೂರಿನ ಹುಡುಗರಿಗೆ ಪಂಪು ಬಿಚ್ಚಲು ಹೆದರಿಕೆ ಇಲ್ಲ. ಸ್ಪ್ರೇಯರಿನ ವಾಶರ್ ಹೋದರೆ ತಾವೇ ಹಾಕುತ್ತಾರೆ. ಕಲಿತದ್ದು ಯಾವ ಕ್ಲಾಸಿನಲ್ಲೂ ಅಲ್ಲ. ನೋಡಿ, ಬಿಚ್ಚಿ, ಜೋಡಿಸಿ ಕಲಿತದ್ದು. ಅದೇ ಹುಡುಗರು ಕಂಪ್ಯೂಟರ್ ಎದುರು ಕೈಕಟ್ಟಿ ನಿಲ್ಲುತ್ತಾರೆ. ಯಾಕೆ?

ನಾವು ಕಲಿಸುವ ಕ್ರಮವೇ ಹಾಗಿದೆ. ಫೀಸು ಕಟ್ಟಿ ಕೋರ್ಸಿಗೆ ಕಳಿಸುತ್ತೇವೆ. ಟೈಪ್ ಮಾಡುವುದು, ಪ್ರಿಂಟ್ ತೆಗೆಯುವುದು ಹೇಳಿಕೊಡುತ್ತಾರೆ. ಪೆಟ್ಟಿಗೆಯ ಮುಚ್ಚಳ ಮಾತ್ರ ತೆಗೆಯುವುದಿಲ್ಲ. ಫೀಸು ಕಟ್ಟಲಾಗದ ಕೂಲಿಯವರ ಮಕ್ಕಳಿಗೆ ಅಷ್ಟೂ ಇಲ್ಲ.

ಮುಚ್ಚಳ ತೆಗೆದರೆ ಒಳಗೆ ಮಹಾ ಗುಟ್ಟೇನಿಲ್ಲ. ಮದರ್‌ಬೋರ್ಡು, ಪ್ರೊಸೆಸರು, ರ‍್ಯಾಮ್, ಹಾರ್ಡ್ ಡಿಸ್ಕು, ಫ್ಯಾನು, ಕರೆಂಟು ಹಂಚುವ ಎಸ್‌ಎಂಪಿಎಸ್. ಬಿಚ್ಚಿ ಜೋಡಿಸಲು ಹೆಚ್ಚಾಗಿ ಒಂದು ಸ್ಕ್ರೂಡ್ರೈವರ್ ಸಾಕು. ಪ್ರತಿ ಸಲ ತಾರೀಖು ತಪ್ಪು ತೋರಿಸುತ್ತದೆಯೇ? ನಾಣ್ಯದಂಥ 3 ವೋಲ್ಟಿನ ಸೆಲ್ ಮುಗಿದಿರಬಹುದು. ಆನ್ ಆಗಿಯೂ ಪರದೆ ಕಪ್ಪೇ? ರ‍್ಯಾಮ್ ತೆಗೆದು ಅದರ ಅಂಚನ್ನು ರಬ್ಬರಿನಿಂದ ಉಜ್ಜಿ ಕೂರಿಸಿದರೆ ಎಷ್ಟೋ ಸಲ ಸರಿಯಾಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮಕ್ಕಳು ತೆರೆಯಕೂಡದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಇದಕ್ಕೆ ದೊಡ್ಡ ಓದು ಬೇಕೆಂದಿಲ್ಲ. ರಾಜಸ್ಥಾನದ ತಿಲೋನಿಯಾದಲ್ಲಿ 1972ರಲ್ಲಿ ಶುರುವಾದ ಬೇರ್‌ಫುಟ್ ಕಾಲೇಜು ಶಾಲೆ ಕಾಣದ ಹಳ್ಳಿ ಹೆಂಗಸರಿಗೂ ಸೋಲಾರ್ ಸರ್ಕ್ಯೂಟ್ ಜೋಡಿಸಲು ಕಲಿಸಿದೆ. ಬಣ್ಣದ ಗುರುತು, ಕೈಸನ್ನೆಯಲ್ಲೇ ಪಾಠ. ಪಕ್ಕದ ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ‘ಲಿಟಲ್ ಕೈಟ್ಸ್’ ಎಂಬ ಮಕ್ಕಳ ಕೂಟಗಳಿವೆ. ಅಲ್ಲಿ ಹಾರ್ಡ್‌ವೇರ್, ಎಲೆಕ್ಟ್ರಾನಿಕ್ಸ್ ಕೂಡ ಕಲಿಕೆಯ ಭಾಗ.

ಈಗ ಹಳೆ ಯಂತ್ರಗಳಿಗೆ ಬರವಿಲ್ಲ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಕಂಪೆನಿಯ ಮಾಮೂಲು ಉಚಿತ ಬೆಂಬಲ ನಿಂತಿತು. ಎಷ್ಟೋ ಹಳೆ ಕಂಪ್ಯೂಟರುಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹಾಗೆಂದು ಅವು ಗುಜರಿ ಅಲ್ಲ. ಲಿನಕ್ಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಹಳೆ ಯಂತ್ರದಲ್ಲೂ ಓಡುತ್ತದೆ, ಕನ್ನಡವೂ ಬರುತ್ತದೆ.

“ಮೊಬೈಲ್ ಇರುವಾಗ ಇದೆಲ್ಲ ಯಾಕೆ ಮಾರಾಯ್ರೆ?” ಎನ್ನುವವರಿದ್ದಾರೆ. ಮೊಬೈಲು ಅಂಟು ಹಾಕಿ ಮುಚ್ಚಿದ ಪೆಟ್ಟಿಗೆ. ಬಳಸಬಹುದು, ಬಿಚ್ಚಿ ಕಲಿಯುವುದು ಕಷ್ಟ. ಇದರಿಂದ ಎಲ್ಲರಿಗೂ ನೌಕರಿ ಸಿಕ್ಕೀತೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ತೋಟಕ್ಕೂ ಸೋಲಾರ್ ಪಂಪು, ಹನಿ ನೀರಾವರಿಯ ಸ್ವಯಂಚಾಲಿತ ಕಂಟ್ರೋಲರ್ ಬರುತ್ತಿವೆ. ಸಿಡಿಲು ಬಡಿದು ಅವು ನಿಂತರೆ ಪೇಟೆಯವರ ದಾರಿ ಕಾಯಬೇಕು. ಅಷ್ಟರಲ್ಲಿ ಗಿಡ ಒಣಗುತ್ತದೆ. ದೋಷ ಎಲ್ಲಿದೆ ಎಂದು ಹುಡುಕುವ ಕೈ ಊರಲ್ಲೇ ಇರಬೇಡವೇ?

ನನ್ನ ಸಲಹೆ ಇಷ್ಟೆ. ನಮ್ಮ ಸಹಕಾರಿ ಸಂಘಗಳು, ಹಾಲಿನ ಸೊಸೈಟಿಗಳು ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುವ ಬದಲು, ಹಾರ್ಡ್ ಡಿಸ್ಕಿನ ಲೆಕ್ಕಪತ್ರ ಪೂರ್ತಿ ಅಳಿಸಿ, ಹತ್ತಿರದ ಹೈಸ್ಕೂಲಿಗೋ ಪಂಚಾಯತ್ ಗ್ರಂಥಾಲಯಕ್ಕೋ ಕೊಡಲಿ. ತಿಂಗಳಿಗೆ ಎರಡು ಭಾನುವಾರ ಪೇಟೆಯ ರಿಪೇರಿಯವರೊಬ್ಬರನ್ನು ಸಂಬಳ ಕೊಟ್ಟೇ ಕರೆಸೋಣ. ಹುಡುಗಿಯರನ್ನೂ ಕೂರಿಸೋಣ. ಮುಂದಿನ ಮಹಾಸಭೆಯಲ್ಲಿ ನೀವೇ ಎದ್ದು ನಿಂತು ಈ ವಿಷಯ ಎತ್ತಿ. ನಿಮ್ಮೂರಲ್ಲಿ ಈಗಾಗಲೇ ಹೀಗೆ ಮಾಡಿದ್ದರೆ ಪತ್ರಿಕೆಗೆ ಬರೆಯಿರಿ, ಉಳಿದವರಿಗೂ ದಾರಿಯಾದೀತು.