ತೆಗೆದ ಗಡ್ಡೆಯ ವರದಿ ಎಲ್ಲಿ?

ಗರ್ಭಕೋಶದಲ್ಲಿ ಗಡ್ಡೆಯಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ತಿಳಿದಾಗ ವೈದ್ಯರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಫೈಬ್ರಾಯ್ಡ್ ಇದೆ, ಗಾಬರಿಯಾಗಬೇಡಿ.’ ಬಹುಪಾಲು ಮಹಿಳೆಯರ ವಿಷಯದಲ್ಲಿ ಆ ಮಾತು ನಿಜ. ನನ್ನ ಆತಂಕ, ಅದು ನಿಜವಾಗದ ಕೆಲವೇ ಕೆಲವರ ಕುರಿತದ್ದು.

ಅಮೆರಿಕದ ಬಾಸ್ಟನ್‌ನಲ್ಲಿ 2013ರಲ್ಲಿ ಅರಿವಳಿಕೆ ತಜ್ಞೆ ಡಾ. ಏಮಿ ರೀಡ್ ಅವರಿಗೆ ಫೈಬ್ರಾಯ್ಡ್ ಎಂದೇ ಭಾವಿಸಿ ಶಸ್ತ್ರಚಿಕಿತ್ಸೆ ನಡೆಯಿತು. ಮೋರ್ಸೆಲೇಟರ್ ಎಂಬ ಉಪಕರಣದಿಂದ ಗರ್ಭಕೋಶವನ್ನು ಹೊಟ್ಟೆಯೊಳಗೇ ಚೂರು ಮಾಡಿ, ಸಣ್ಣ ರಂಧ್ರದ ಮೂಲಕ ಹೊರತೆಗೆಯಲಾಯಿತು. ಆನಂತರದ ಪರೀಕ್ಷೆ ಹೇಳಿದ್ದು ಬೇರೆಯೇ: ಅದು ಲಿಯೋಮಯೋಸಾರ್ಕೋಮಾ ಎಂಬ ವಿರಳ ಕ್ಯಾನ್ಸರ್. ಚೂರು ಮಾಡುವ ಕ್ರಿಯೆಯೇ ಇಂಥ ರೋಗವನ್ನು ಉದರದೊಳಗೆ ಹರಡಬಲ್ಲದು. ವೈದ್ಯೆಯಾಗಿದ್ದ ಅವರಿಗೂ ಈ ಅಪಾಯ ತಿಳಿದದ್ದು ತಡವಾಗಿ. 2017ರಲ್ಲಿ ಅವರು ತೀರಿಕೊಂಡರು. ಫೈಬ್ರಾಯ್ಡ್‌ಗಾಗಿ ಶಸ್ತ್ರಚಿಕಿತ್ಸೆಗೊಳಗಾಗುವ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಗುಪ್ತ ಸಾರ್ಕೋಮಾ ಇರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2014ರಲ್ಲಿ ಎಚ್ಚರಿಸಿತು. ಈ ಅಂದಾಜಿನ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಅಪಾಯದ ಬಗ್ಗೆ ಅಲ್ಲ.

ಈ ರೋಗವನ್ನು ಮೊದಲೇ ಗುರುತಿಸುವುದು ಏಕೆ ಕಷ್ಟ? ಅದು ಹುಟ್ಟುವುದು ಗರ್ಭಕೋಶದ ಸ್ನಾಯುಗೋಡೆಯಲ್ಲಿ. ಒಳಪದರದಿಂದ ತೆಗೆದ ಬಯಾಪ್ಸಿಗೆ ಹಲವು ಬಾರಿ ಸಿಗುವುದೇ ಇಲ್ಲ. ಅಲ್ಟ್ರಾಸೌಂಡ್‌ನಲ್ಲಿ ಅದು ಫೈಬ್ರಾಯ್ಡ್‌ನಂತೆಯೇ ಕಾಣಬಹುದು. ಎಂಆರ್‌ಐ ಅನುಮಾನ ಮೂಡಿಸಬಲ್ಲದು, ಖಚಿತಪಡಿಸಲಾರದು. ಅಂತಿಮ ತೀರ್ಪು ಸೂಕ್ಷ್ಮದರ್ಶಕದಡಿಯ ಅಂಗಾಂಶ ಪರೀಕ್ಷೆಯದ್ದೇ. ರಕ್ತದ ಮೂಲಕ ಶ್ವಾಸಕೋಶಕ್ಕೆ ಹರಡುವ ಸ್ವಭಾವ ಇದಕ್ಕಿರುವುದರಿಂದ, ರೋಗ ದೃಢಪಟ್ಟರೆ ಎದೆಯ ಸಿ.ಟಿ. ಸ್ಕ್ಯಾನ್ ಕೂಡ ಅಗತ್ಯ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 3ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಅನಗತ್ಯ ಶಸ್ತ್ರಚಿಕಿತ್ಸೆಗಳ ವಿರುದ್ಧ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿದ್ದು ಸ್ವಾಗತಾರ್ಹ. ಆದರೆ ತೆಗೆದ ಅಂಗದ ಪರೀಕ್ಷೆಯೂ ಅಷ್ಟೇ ಕಟ್ಟುನಿಟ್ಟಾಗಿ ನಡೆಯಬೇಕು. ಖರ್ಚಿನ ನೆಪದಲ್ಲಿ ಅದನ್ನು ಕೈಬಿಟ್ಟರೆ, ರೋಗ ಮರಳಿದಾಗಲಷ್ಟೇ ಅದರ ಹೆಸರು ತಿಳಿಯುತ್ತದೆ.

ಪ್ರತಿ ಗಡ್ಡೆಗೂ ಹೆದರಬೇಕೆಂದು ನಾನು ಹೇಳುತ್ತಿಲ್ಲ. ಮುಟ್ಟು ನಿಂತ ಮೇಲೆ ರಕ್ತಸ್ರಾವವಾದರೆ, ಗಡ್ಡೆ ಬೆಳೆಯುತ್ತಿದ್ದರೆ ತಡಮಾಡಬಾರದು. ಶಸ್ತ್ರಚಿಕಿತ್ಸೆಗೆ ಮುನ್ನ ‘ಗಡ್ಡೆಯನ್ನು ಹೇಗೆ ಹೊರತೆಗೆಯುತ್ತೀರಿ?’ ಎಂದೂ, ಆನಂತರ ‘ವರದಿ ಎಲ್ಲಿ?’ ಎಂದೂ ಕೇಳುವುದು ಅವಿಶ್ವಾಸವಲ್ಲ, ಹಕ್ಕು. ರೋಗ ವಿರಳ ಎಂಬುದು ಅಂಕಿಅಂಶದ ಸಮಾಧಾನ. ರೋಗ ಬಂದವಳಿಗೆ ಅದರಿಂದ ಯಾವ ಸಮಾಧಾನವೂ ಇಲ್ಲ.